ಹಾಡೋನ ವರಿ

ಹೋದ ಮಾರಿಹಬ್ಬಕ್ಕೆ ವರಿ ಎತ್ತುವಾಗ ಒಬ್ಬ ಹುಡುಗ ಕೇಳಿದ, “ತಾತ, ಎಲ್ಲರ ಮನೆಗೂ ವರಿ ಐತೆ, ನಿಮಗ್ಯಾಕಿಲ್ಲ?” ನಮ್ಮೂರಲ್ಲಿ ಹಾಡುವವನಿಗೆ ವರಿ ಬಿಟ್ಟಿದ್ದಾರೆ. ನಮ್ಮಪ್ಪನ ಕಾಲದಿಂದಲೂ ಹಂಗೇ. ರಾತ್ರಿಯೆಲ್ಲ ಮಾದಪ್ಪನ ಕತೆ ಹಾಡೋದೇ ನನ್ನ ವರಿ ಕಣಪ್ಪಾ ಅಂದೆ. ಅಂದೆನೇ ಹೊರತು ಮಾತು ಮನಸ್ಸಲ್ಲಿ ಕೂತುಬಿಟ್ಟಿತು.

ಅದೇ ವಾರ ವಾಚನಾಲಯದಲ್ಲಿ ಮೇಷ್ಟ್ರು ಆಪಲ್ ಕಂಪನಿಯ ಸಂಗತಿ ಓದಿ ಹೇಳಿದರು. ಯುರೋಪಿನ ದೇಶಗಳಲ್ಲಿ ಫೋನು ಮಾರಿ ಬಂದ ಲಾಭವನ್ನು ಆ ಕಂಪನಿ ಐರ್ಲೆಂಡ್ ಎಂಬ ಸಣ್ಣ ದೇಶದ ಲೆಕ್ಕಕ್ಕೆ ಹಾಕುತ್ತಿತ್ತು. ಅಲ್ಲಿ ತೆರಿಗೆ ನೂರಕ್ಕೆ ಹನ್ನೆರಡೂವರೆ. ಅದನ್ನೂ ಕಟ್ಟಲಿಲ್ಲ. ಹೆಚ್ಚಿನ ಲಾಭವೆಲ್ಲ ‘ಹೆಡ್ ಆಫೀಸಿನದು’ ಅಂತ ಬರೆದರು. ಆ ಹೆಡ್ ಆಫೀಸಿಗೆ ದೇಶವಿಲ್ಲ, ಕಟ್ಟಡವಿಲ್ಲ, ಒಬ್ಬ ಆಳೂ ಇಲ್ಲ! 2014ರಲ್ಲಿ ಹತ್ತು ಲಕ್ಷ ಲಾಭಕ್ಕೆ ಬಿದ್ದ ತೆರಿಗೆ ಬರೀ ಐವತ್ತು. ಇದನ್ನು ಯುರೋಪಿನ ಆಯೋಗ 2016ರಲ್ಲಿ ಬಯಲು ಮಾಡಿ, 1300 ಕೋಟಿ ಯೂರೋ ವಸೂಲು ಮಾಡಿ ಅಂತ ಐರ್ಲೆಂಡಿಗೆ ಹೇಳಿತು. ಐರ್ಲೆಂಡ್ ನಮಗೆ ಬೇಡ ಅಂತ ಕೋರ್ಟಿಗೆ ಹೋಯಿತು. ಬರುವ ದುಡ್ಡು ಬೇಡ ಅನ್ನೋ ಸರ್ಕಾರ ನಾನು ಕಂಡಿರಲಿಲ್ಲ. ಕಂಪನಿ ಅಲ್ಲಿ ಸಾವಿರಾರು ಜನಕ್ಕೆ ಕೆಲಸ ಕೊಟ್ಟಿದೆಯಲ್ಲ, ಅಂದರು ಮೇಷ್ಟ್ರು. ಕೊನೆಗೆ 2024ರ ಸೆಪ್ಟೆಂಬರಲ್ಲಿ ದೊಡ್ಡ ಕೋರ್ಟು ಕಟ್ಟಲೇಬೇಕು ಅಂದಿತು.

ನಮ್ಮೂರಲ್ಲೂ ಒಬ್ಬರಿದ್ದರು. ಇಲ್ಲಿ ವರಿ ಕೇಳಿದರೆ ‘ನನ್ನ ಒಲೆ ಧರ್ಮಪುರಿಯಲ್ಲಿ ಉರೀತದೆ’ ಅನ್ನೋರು. ಅಲ್ಲಿ ಕೇಳಿದರೆ ‘ನಮ್ಮದು ಹಳ್ಳಿ’. ತೇರಿನ ಮುಂದೆ ಮಾತ್ರ ಮೊದಲು ಅವರೇ.

ಹಂಗಂತ ನಗೋಕೆ ನನಗೇನು ಹಕ್ಕು? ಮರಗೆಣಸು, ಕಡಲೆಕಾಯಿ ಬೆಳೆದ ದುಡ್ಡಿಗೆ ನಾನೂ ಆದಾಯ ತೆರಿಗೆ ಕಟ್ಟಲ್ಲ. ಕಾನೂನೇ ಬಿಟ್ಟಿದೆ. ಕಂಪನಿಯವರೂ ಕಾನೂನು ಅಂತಲೇ ಅಂದರು. ನನ್ನ ಹೊಲಕ್ಕೆ ಕೂಲಿಗೆ ಬರೋ ಹೆಣ್ಣುಮಗಳು ಫೋನಿಗೆ ರೀಚಾರ್ಜ್ ಹಾಕಿಸಿದರೆ ಅದರ ಮೇಲೆ ನೂರಕ್ಕೆ 18 ಜಿಎಸ್‌ಟಿ. ‘ನನ್ನ ಹೆಡ್ ಆಫೀಸು ಬೇರೆ ಕಡೆ ಐತೆ’ ಅನ್ನೋಕೆ ಅವಳಿಗೆ ಬರಲ್ಲ.

ನನಗೆ ಕಂಡ ವ್ಯತ್ಯಾಸ ಇಷ್ಟು. ನನಗೆ ವರಿ ಬಿಟ್ಟದ್ದು ಊರೆಲ್ಲ ಕೂತು, ಚಾವಡಿಯಲ್ಲಿ, ಏನಕ್ಕೆ ಬದಲು ಏನು ಅಂತ ಹೇಳಿ. ಅಲ್ಲಿ ಮಾರಿದ್ದು ಎಷ್ಟೋ ದೇಶಗಳಲ್ಲಿ, ಬಿಟ್ಟದ್ದು ಒಂದೇ ದೇಶ, ಅದೂ ಉಳಿದವರಿಗೆ ಕಾಣದ ಕಾಗದದಲ್ಲಿ. ಆದರೆ ನೂರು ಎಕರೆಯವನಿಗೂ ನನ್ನ ಕಾನೂನೇ ಅಲ್ಲವಾ? ಅದು ಇನ್ನೂ ಬಗೆಹರಿದಿಲ್ಲ.

ಈ ಸಲ ಹಬ್ಬದಲ್ಲಿ ಗಂಟಲು ಕಟ್ಟಿ ನಡುರಾತ್ರಿಗೇ ಹಾಡು ನಿಲ್ಲಿಸಿದೆ. ಬೆಳಗಾಗೆದ್ದು ಅರ್ಧ ವರಿ ತಗೊಂಡು ಊರಗೌಡರ ಮನೆಗೆ ಹೋದೆ. ಹೋಗಪ್ಪಾ ಅಂತ ನಕ್ಕು ಕಳಿಸಿದರು. ಆ ದುಡ್ಡು ಇನ್ನೂ ದೇವರ ಗೂಡಲ್ಲೇ ಐತೆ.