ಪಥ್ಯವೂ ವ್ರತವೂ

ವೈದ್ಯರ ಮಾತಿನಿಂದ ತುಪ್ಪ ಬಿಟ್ಟವನು ರಸಪರಿತ್ಯಾಗ ಮಾಡಿದವನಾಗುವನೇ? ರಕ್ತಪರೀಕ್ಷೆಯ ವರದಿ ಕೈಗೆ ಬಂದಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಕೊಲೆಸ್ಟರಾಲ್ ಅಧಿಕವೆಂದು ವೈದ್ಯರು ಸಿಮ್ವಾಸ್ಟಾಟಿನ್ ಮಾತ್ರೆಯನ್ನು ರಾತ್ರಿ ಸೇವಿಸಲು ಬರೆದುಕೊಟ್ಟರು. ಸೂರ್ಯಾಸ್ತದ ನಂತರ ನೀರನ್ನೂ ಮುಟ್ಟದ ನಿಯಮ ನನ್ನದು. ಅದನ್ನು ಹೇಳಲು ಸಂಕೋಚಪಟ್ಟು ಎರಡು ತಿಂಗಳು ಮಾತ್ರೆಯನ್ನೇ ನುಂಗಲಿಲ್ಲ, ಕೇಳಿದವರಿಗೆ ನುಂಗುತ್ತಿದ್ದೇನೆಂದೆ. ರಾತ್ರಿಭೋಜನ ತ್ಯಾಗವನ್ನು ಉಳಿಸಿಕೊಳ್ಳಹೋಗಿ ಸತ್ಯವನ್ನು ಕಳೆದುಕೊಂಡೆ. ಕಡೆಗೆ ತಿಳಿಸಿದಾಗ ವೈದ್ಯರು ನಕ್ಕು ಅಟೋರ್ವಾಸ್ಟಾಟಿನ್ ಬರೆದರು. ಯಕೃತ್ತು ಕೊಲೆಸ್ಟರಾಲನ್ನು ಹೆಚ್ಚಾಗಿ ತಯಾರಿಸುವುದು ರಾತ್ರಿ; ಮೊದಲಿನ ಮಾತ್ರೆಯ ಪ್ರಭಾವ ಬೇಗ ಇಳಿಯುವುದರಿಂದ ಅದನ್ನು ಆ ಹೊತ್ತಿಗೇ ಕೊಡುವರು. ಎರಡನೆಯದು ದೀರ್ಘಕಾಲ ನಿಲ್ಲುವುದರಿಂದ ಹಗಲಿನಲ್ಲಿ ತೆಗೆದುಕೊಂಡರೂ ಸಾಕು. ಎರಡು ತಿಂಗಳ ಸುಳ್ಳು ಒಂದು ಮಾತಿಗೆ ಮುಗಿಯಬಹುದಾಗಿತ್ತು!

ಮಾತ್ರೆ ಇರುವಾಗ ಆಹಾರದ ಕಟ್ಟುಪಾಡೇಕೆಂಬ ವಾದವನ್ನು ನಮ್ಮ ಮನೆಗಳಲ್ಲಿ ಕೇಳಿದ್ದೇನೆ. ಪ್ರೋಟೀನಿಗಾಗಿ ಕೆನೆಹಾಲು, ಖವಾಗಳನ್ನೇ ನೆಚ್ಚಿದರೆ ಅವುಗಳೊಡನೆ ಜಿಡ್ಡೂ ಒಳಹೊಗುತ್ತದೆ. ರಕ್ತದಿಂದ ಕೊಲೆಸ್ಟರಾಲನ್ನು ಸೆಳೆದುಕೊಳ್ಳುವ ಯಕೃತ್ತಿನ ಶಕ್ತಿಯನ್ನು ಆ ಜಿಡ್ಡು ಕುಗ್ಗಿಸುತ್ತದೆ. ಮಾತ್ರೆ ಹೆಚ್ಚಿಸಹೊರಟದ್ದು ಅದೇ ಶಕ್ತಿಯನ್ನು. ಬೇಳೆಯಲ್ಲಿ ಜಿಡ್ಡು ಅತ್ಯಲ್ಪ, ನಾರು ಹೇರಳ. 2014ರಲ್ಲಿ ಕೆನಡಾದ ಸಂಶೋಧಕರು ಅನೇಕ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿ, ದಿನಕ್ಕೆ ಸುಮಾರು 130 ಗ್ರಾಂ ಬೇಯಿಸಿದ ಬೇಳೆಕಾಳಿನಿಂದ ಕೆಟ್ಟ ಕೊಲೆಸ್ಟರಾಲ್ ಶೇಕಡಾ 5ರಷ್ಟು ಇಳಿಯುವುದೆಂದು ಕಂಡರು. ಅಲ್ಪವೆನ್ನಬೇಡಿ. ಈ ಮಾತ್ರೆಗಳ ಪ್ರಮಾಣವನ್ನು ಇಮ್ಮಡಿಸಿದರೂ ಹೆಚ್ಚಿಗೆ ದೊರೆಯುವುದು ಶೇಕಡಾ 6ರಷ್ಟೇ. 2019ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ಜಿಲ್ಲೆಯ ತೊಗರಿ, ಕಾಗಿಣಾ ತೀರದ ದಂಡೋತಿಯ ಅಡುಗೆಮನೆಗಳಿಗೆ ಹೊಸದಲ್ಲ. ಅದು ಮಾತ್ರೆಗೆ ಬದಲಿಯಲ್ಲ, ಜೊತೆಗಾರ. (ದ್ವಿದಳವನ್ನು ಹಸಿ ಹಾಲು-ಮೊಸರಿನೊಡನೆ ಕೂಡಿಸಬಾರದೆಂಬುದು ವಾಚಕರಿಗೆ ತಿಳಿದದ್ದೇ.)

ಇನ್ನು ಮೊದಲಿನ ಪ್ರಶ್ನೆ. ತತ್ತ್ವಾರ್ಥಸೂತ್ರವು ರಸಪರಿತ್ಯಾಗವನ್ನು ಬಾಹ್ಯ ತಪಸ್ಸುಗಳಲ್ಲಿ ಎಣಿಸುತ್ತದೆ. ವ್ರತಿಯು ಶಲ್ಯರಹಿತನಾಗಿರಬೇಕೆಂದೂ ವಿಧಿಸುತ್ತದೆ. ಮಾಯಾ, ಮಿಥ್ಯಾ, ನಿದಾನಗಳು ಆ ಮೂರು ಶಲ್ಯಗಳು. ಮಾತ್ರೆ ನುಂಗಿದೆನೆಂದ ನನ್ನ ನುಡಿ ಮಾಯಾಶಲ್ಯ. ವರದಿಯ ಅಂಕೆ ಇಳಿಯಲೆಂದು ತುಪ್ಪ ಬಿಟ್ಟು, ಅದನ್ನೇ ಚತುರ್ದಶಿಯ ತ್ಯಾಗವೆಂದು ಬಸದಿಯಲ್ಲಿ ಹೇಳಿಕೊಂಡದ್ದು ನಿದಾನಕ್ಕೆ ಸಮೀಪ. ಪಥ್ಯ ಪಾಪವಲ್ಲ; ಶರೀರರಕ್ಷಣೆ ಶ್ರಾವಕನಿಗೆ ಯುಕ್ತವೇ. ಆದರೆ ಒಂದೇ ತುಪ್ಪವನ್ನು ಎರಡು ಲೆಕ್ಕಗಳಲ್ಲಿ ಬರೆಯಲಾಗದು. ಆದ್ದರಿಂದ ತುಪ್ಪವನ್ನು ವೈದ್ಯರ ಲೆಕ್ಕಕ್ಕೆ ಬಿಟ್ಟಿದ್ದೇನೆ. ಚತುರ್ದಶಿಯಂದು ಬೆಲ್ಲವನ್ನು ತ್ಯಜಿಸುತ್ತೇನೆ. ಅದನ್ನು ಬಿಡೆಂದು ಯಾವ ವೈದ್ಯರೂ ಹೇಳಿಲ್ಲ. ನನಗದು ತುಪ್ಪಕ್ಕಿಂತ ಪ್ರಿಯ.