ದೊಡ್ಡಕ್ಷರದ ದೇವರು, ಸಣ್ಣಕ್ಷರದ ದೇವರು

ಇಂಗ್ಲಿಷಿನಲ್ಲಿ ಬರೆಯುವವನಿಗೆ ದೇವರ ವಿಷಯದಲ್ಲಿ ಸುಮ್ಮನಿರುವ ಸ್ವಾತಂತ್ರ್ಯವಿಲ್ಲ. ‘ಗಾಡ್’ ಎಂದು ಬರೆಯಹೊರಟ ಕೂಡಲೇ ಮೊದಲಕ್ಷರ ಕ್ಯಾಪಿಟಲ್ಲೋ ಸ್ಮಾಲೋ ಎಂಬ ಪ್ರಶ್ನೆ ಅಡ್ಡ ಬರುತ್ತದೆ. ಆಸ್ತಿಕನಿರಲಿ, ನಾಸ್ತಿಕನಿರಲಿ, ಇನ್ನೂ ಯೋಚಿಸುತ್ತಿರುವವನಿರಲಿ, ಉತ್ತರ ಕೊಡದೆ ಎರಡನೆಯ ಅಕ್ಷರಕ್ಕೆ ಹೋಗುವಂತಿಲ್ಲ. ಕನ್ನಡದ ಅಕ್ಷರಗಳಲ್ಲಿ ಈ ಮೇಲು ಕೀಳಿಲ್ಲ. ದೇವರ ದಕಾರವೂ ದನದ ದಕಾರವೂ ಒಂದೇ ಅಳತೆ.

ನಾನು ಹುಬ್ಬಳ್ಳಿಯ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವನು. ಮೊಳೆ ಜೋಡಿಸುವ ಕಾಲದಲ್ಲಿ ಸೇರಿದವನು ಡಿಟಿಪಿ ಕಾಲದಲ್ಲೂ ಅದೇ ಕುರ್ಚಿಯಲ್ಲಿದ್ದೇನೆ. ಕನ್ನಡ ಶಾಲೆಯಲ್ಲಿ ಓದಿದ ನನಗೆ ಇಂಗ್ಲಿಷ್ ಶುರುವಾದದ್ದು ಐದನೆಯ ಇಯತ್ತೆಯಲ್ಲಿ, ನಾಲ್ಕು ಗೆರೆಯ ಕಾಪಿ ಪುಸ್ತಕದೊಂದಿಗೆ. ವಾಕ್ಯದ ಮೊದಲಕ್ಷರ ದೊಡ್ಡದು, ಹೆಸರಿನ ಮೊದಲಕ್ಷರ ದೊಡ್ಡದು, ‘ಐ’ ಯಾವಾಗಲೂ ದೊಡ್ಡದು, ಕೊನೆಗೊಂದು ಫುಲ್‌ಸ್ಟಾಪ್. ಯಾಕೆ ಎಂದು ಮಾಸ್ತರರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಮುಂದೆ ಪ್ರೆಸ್ಸಿಗೆ ಇಂಗ್ಲಿಷ್ ಕೆಲಸ ಬರತೊಡಗಿದಾಗ ಆ ನಿಯಮಗಳನ್ನೆಲ್ಲ ಮತ್ತೆ ಕೂತು ಕಲಿಯಬೇಕಾಯಿತು. ಈ ಸಲ ಯಾಕೆ ಎಂದು ಕೇಳಿಕೊಳ್ಳುವ ವಯಸ್ಸಾಗಿತ್ತು.

ಪ್ರೂಫಿನ ಭಾಷೆಯಲ್ಲಿ ಒಂದು ಇಂಗ್ಲಿಷ್ ಅಕ್ಷರವನ್ನು ದೊಡ್ಡದು ಮಾಡಬೇಕಾದರೆ ಅದರ ಕೆಳಗೆ ಮೂರು ಗೆರೆ ಎಳೆಯುತ್ತೇವೆ. ಚಿಕ್ಕದು ಮಾಡಬೇಕಾದರೆ ಅದರ ಮೇಲೊಂದು ಓರೆಗೆರೆ ಹೊಡೆಯುತ್ತೇವೆ. ‘ಗಾಡ್’ ಎಂಬುದರ ‘ಜಿ’ಗೆ ಹಾಗೆ ಕೆಂಪು ಶಾಯಿಯಲ್ಲಿ ಓರೆಗೆರೆ ಹೊಡೆಯುವಾಗ ಕೈ ಒಂದು ಕ್ಷಣ ತಡೆಯುತ್ತದೆ. ಸಂಬಳಕ್ಕಾಗಿ ಮಾಡುವ ಕೆಲಸವಾದರೂ ದೇವರಿಗೆ ಬಡ್ತಿ, ಹಿಂಬಡ್ತಿ ಕೊಡಲು ನಾನ್ಯಾರು ಅನಿಸುತ್ತದೆ.

ಒಮ್ಮೆ ನಮ್ಮ ಕಡೆಯ ಒಂದು ಹಳ್ಳಿಯ ದ್ಯಾಮವ್ವನ ಜಾತ್ರೆಯ ಸ್ಮರಣ ಸಂಚಿಕೆ ಅಚ್ಚಿಗೆ ಬಂತು. ಪರದೇಶಕ್ಕೆ ಹೋದ ಊರ ಮಕ್ಕಳೂ ಓದಲೆಂದು ಕೆಲವು ಲೇಖನಗಳನ್ನು ಇಂಗ್ಲಿಷಿನಲ್ಲಿ ಬರೆಸಿದ್ದರು. ನಿವೃತ್ತ ಉಪನ್ಯಾಸಕರೊಬ್ಬರು ದ್ಯಾಮವ್ವನ ಬಗ್ಗೆ ಬರೆದಿದ್ದರು. ಹೆಸರಿಗೆ ದೊಡ್ಡಕ್ಷರ, ‘ಗಾಡೆಸ್’ ಎಂದು ಬಂದಲ್ಲೆಲ್ಲ ಸಣ್ಣಕ್ಷರ. ಪಕ್ಕದ ಊರಿನ ಪಾದ್ರಿಗಳು ಶುಭಾಶಯದ ಲೇಖನ ಕೊಟ್ಟಿದ್ದರು. ಅದರಲ್ಲಿ ‘ಗಾಡ್’ ದೊಡ್ಡಕ್ಷರದಲ್ಲಿತ್ತು. ಆತನನ್ನು ಕುರಿತ ‘ಹಿ’, ‘ಹಿಮ್’, ‘ಹಿಸ್’ ಕೂಡ ವಾಕ್ಯದ ನಡುವೆಯೇ ದೊಡ್ಡಕ್ಷರದಲ್ಲಿ ತಲೆಯೆತ್ತಿದ್ದವು. ವ್ಯಾಕರಣ ಪುಸ್ತಕದ ಪ್ರಕಾರ ಇಬ್ಬರದೂ ಸರಿ. ಆದರೆ ಪ್ರೂಫ್ ನೋಡಲು ಬಂದ ಜಾತ್ರಾ ಕಮಿಟಿಯ ಹಿರಿಯರೊಬ್ಬರು ಎರಡೂ ಪುಟಗಳನ್ನು ಅಕ್ಕಪಕ್ಕ ಇಟ್ಟು ಕೇಳಿದರು: “ಅವರ ದೇವರಿಗೆ ದೊಡ್ಡಕ್ಷರ, ನಮ್ಮವ್ವಗ ಸಣ್ಣಕ್ಷರ. ಯಾಕ್ರೀ?”

ನಾನು ಕಲಿತಷ್ಟನ್ನು ಹೇಳಿದೆ. ಇಂಗ್ಲಿಷಿನ ದೊಡ್ಡಕ್ಷರ ಮರ್ಯಾದೆಯ ಗುರುತಲ್ಲ. ಮರ್ಯಾದೆಯ ಗುರುತಾಗಿದ್ದರೆ ಸೂರ್ಯ ಚಂದ್ರರನ್ನು ಸಾಮಾನ್ಯವಾಗಿ ಸಣ್ಣಕ್ಷರದಲ್ಲಿ ಬರೆದು ಸೋಮವಾರಕ್ಕೆ ದೊಡ್ಡಕ್ಷರ ಕೊಡುತ್ತಿರಲಿಲ್ಲ. ಅದು ಅಂಕಿತನಾಮದ ಗುರುತು. ಒಬ್ಬನೇ ದೇವರು ಎಂದು ನಂಬಿದವರಿಗೆ ‘ಗಾಡ್’ ಎಂಬುದು ಒಬ್ಬನನ್ನು ಬಿಟ್ಟು ಇನ್ನೊಬ್ಬನಿಗೆ ಸಲ್ಲುವುದಿಲ್ಲವಾದ್ದರಿಂದ ಅದು ಹೆಸರೇ ಆಗಿಬಿಟ್ಟಿದೆ. ಹಲವರಿರುವ ಕಡೆ ಅದು ಜಾತಿವಾಚಕ. ಗ್ರೀಕರ ದೇವತೆಗಳಿಗೂ ನಮ್ಮ ದೇವತೆಗಳಿಗೂ ಸಣ್ಣಕ್ಷರ ಬಿದ್ದದ್ದು ಹೀಗೆ. ಇದು ಎಣಿಕೆಯ ಮಾತೇ ಹೊರತು ಮೇಲು ಕೀಳಿನ ಮಾತಲ್ಲ ಎಂದೆ.

ಹಿರಿಯರು ಎಲ್ಲವನ್ನೂ ಕೇಳಿಸಿಕೊಂಡು ಅಂದರು: “ಹಂಗಾದ್ರ ನಮ್ಮೂರಿಗೂ ಒಬ್ಬಾಕಿನ ಅದಾಳಲ್ರಿ. ಆಕಿ ಬಿಟ್ರ ಇನ್ಯಾರ್ನ ಅವ್ವ ಅಂತೀವಿ ನಾವು?”

ಈ ಮಾತಿಗೆ ನನ್ನ ವ್ಯಾಕರಣದಲ್ಲಿ ಉತ್ತರವಿರಲಿಲ್ಲ, ಏಕೆಂದರೆ ಅವರು ವ್ಯಾಕರಣವನ್ನೇ ಬಳಸಿ ಗೆದ್ದಿದ್ದರು. ಒಬ್ಬರಿಗೇ ಸಲ್ಲುವುದು ಹೆಸರು ಎಂಬುದು ನಿಯಮವಾದರೆ, ಯಾರ ಲೆಕ್ಕದಲ್ಲಿ ಒಬ್ಬರು ಎಂಬ ಪ್ರಶ್ನೆ ಉಳಿಯುತ್ತದೆ. ದೂರ ನಿಂತು ಎಣಿಸುವವನಿಗೆ ಊರಿಗೊಬ್ಬ ದ್ಯಾಮವ್ವ, ಪಕ್ಕದಲ್ಲೊಬ್ಬ ದುರ್ಗವ್ವ, ಆಚೆಗೊಬ್ಬ ಎಲ್ಲಮ್ಮ. ಎದುರು ನಿಂತು ಕೈಮುಗಿಯುವವನಿಗೆ ಎಣಿಕೆಯೇ ಇಲ್ಲ. ಅಂದರೆ ಸಣ್ಣಕ್ಷರ ಹಾಕಿದವನು ಹೊರಗೆ ನಿಂತು ಬರೆದಿದ್ದಾನೆ ಎಂದಾಯಿತು, ತನ್ನದೇ ಊರಿನ ದೇವತೆಯ ಬಗ್ಗೆ ಬರೆಯುತ್ತಿದ್ದರೂ. ಉಪನ್ಯಾಸಕರಿಗೆ ಫೋನು ಮಾಡಿ ಕೇಳಿದೆ. ಅವರು ನಕ್ಕು ಒಪ್ಪಿದರು. ಮೂರು ಮೂರು ಗೆರೆ ಎಳೆದೆ.

ಅಂದಹಾಗೆ ಪಾದ್ರಿಗಳ ‘ಹಿ’ ವಿಷಯದಲ್ಲೂ ಒಂದು ಸ್ವಾರಸ್ಯವಿದೆ. ಇಂಗ್ಲಿಷ್ ಬೈಬಲುಗಳಲ್ಲಿ ಅತ್ಯಂತ ಪ್ರಸಿದ್ಧವಾದ 1611ರ ಕಿಂಗ್ ಜೇಮ್ಸ್ ಅನುವಾದದಲ್ಲಿ ದೇವರನ್ನು ಕುರಿತ ಸರ್ವನಾಮಗಳಿಗೆ ದೊಡ್ಡಕ್ಷರವಿಲ್ಲ. ವಾಕ್ಯದ ನಡುವೆ ದೇವರೂ ‘ಹಿ’, ಕುರಿ ಕಾಯುವವನೂ ‘ಹಿ’, ಎರಡೂ ಸಣ್ಣಕ್ಷರ. ಸರ್ವನಾಮಕ್ಕೂ ದೊಡ್ಡಕ್ಷರ ಕೊಡುವ ರೂಢಿ ಬಲವಾದದ್ದು ಆಮೇಲೆ, ಹತ್ತೊಂಬತ್ತನೆಯ ಶತಮಾನದಲ್ಲಿ. ಭಕ್ತಿ ಮೊದಲಿನಿಂದಲೂ ಇತ್ತು, ದೊಡ್ಡಕ್ಷರ ಅದಕ್ಕೆ ನಂತರ ತೊಡಿಸಿದ ಒಡವೆ.

ಇದೇ ಎಚ್ಚರ ‘ಐ’ ವಿಷಯದಲ್ಲೂ ಬೇಕು. ಇಂಗ್ಲಿಷಿನವರು ‘ನಾನು’ ಎಂಬುದನ್ನು ದೊಡ್ಡಕ್ಷರದಲ್ಲಿ ಬರೆಯುತ್ತಾರೆ, ಆದ್ದರಿಂದ ಅವರದು ಅಹಂಕಾರದ ಸಂಸ್ಕೃತಿ ಎಂದು ನಮ್ಮ ಕಡೆ ಪ್ರವಚನಗಳಲ್ಲಿ ಚಪ್ಪಾಳೆ ಗಿಟ್ಟಿಸುವುದುಂಟು. ಒಂಟಿಯಾಗಿ ನಿಂತ ಆ ಸಣಕಲು ಅಕ್ಷರ ಕೈಬರಹದಲ್ಲಿ ಕಣ್ಣು ತಪ್ಪಿಹೋಗುತ್ತಿದ್ದುದರಿಂದ ಲಿಪಿಕಾರರು ಅದನ್ನು ಉದ್ದ ಮಾಡಿದರು ಎಂಬುದು ವಿದ್ವಾಂಸರು ಸಾಮಾನ್ಯವಾಗಿ ಕೊಡುವ ವಿವರಣೆ. ಜರ್ಮನರು ‘ನಾನು’ ಎಂಬುದನ್ನು ಸಣ್ಣಕ್ಷರದಲ್ಲೂ ಗೌರವದ ‘ನೀವು’ ಎಂಬುದನ್ನು ದೊಡ್ಡಕ್ಷರದಲ್ಲೂ ಬರೆಯುತ್ತಾರೆ. ಅಷ್ಟರಿಂದಲೇ ಅವರ ಚರಿತ್ರೆಯೆಲ್ಲ ವಿನಯದ ಚರಿತ್ರೆ ಆಗಲಿಲ್ಲ. ನಮ್ಮ ‘ನಾನು’ವಿಗೆ ದೊಡ್ಡಕ್ಷರವೇ ಇಲ್ಲದಿದ್ದರೂ ಅದನ್ನು ಅಳಿಸಲು ಶರಣರೂ ದಾಸರೂ ಪಟ್ಟ ಪಾಡು ಕನ್ನಡಿಗರಿಗೆ ಗೊತ್ತಿದೆ. ಲಿಪಿ ಮನಸ್ಸನ್ನು ರೂಪಿಸುತ್ತದೆ ಎಂದು ಸುಲಭವಾಗಿ ಹೇಳಿಬಿಡಬಾರದು. ಲಿಪಿ ಮಾಡುವುದು ಅದಕ್ಕಿಂತ ಸಣ್ಣ ಕೆಲಸ: ನಾವು ಇನ್ನೂ ತೀರ್ಮಾನಿಸದ ವಿಷಯದಲ್ಲಿ ನಮ್ಮಿಂದ ಒಂದು ತೀರ್ಮಾನ ಬರೆಸಿಕೊಳ್ಳುತ್ತದೆ.

ದೊಡ್ಡಕ್ಷರಕ್ಕಿಂತ ಕಾಮಾ ಈ ಕೆಲಸವನ್ನು ಇನ್ನೂ ಗುಟ್ಟಾಗಿ ಮಾಡುತ್ತದೆ. ಹಳೆಯ ಗ್ರೀಕ್ ಬರಹದಲ್ಲಿ ಪದಗಳ ನಡುವೆ ಜಾಗ ಬಿಡುವ ಪದ್ಧತಿಯೇ ಇರಲಿಲ್ಲ. ಕ್ರಿಸ್ತಪೂರ್ವ 200ರ ಸುಮಾರಿಗೆ ಅಲೆಕ್ಸಾಂಡ್ರಿಯಾದ ಗ್ರಂಥಾಲಯದಲ್ಲಿದ್ದ ಬೈಜಾಂಟಿಯಮ್ಮಿನ ಅರಿಸ್ಟೊಫೇನಿಸ್ ಎಂಬ ಪಂಡಿತ ಗಟ್ಟಿಯಾಗಿ ಓದುವವರಿಗೆ ಅನುಕೂಲವಾಗಲೆಂದು ಕೆಳಗೆ, ನಡುವೆ, ಮೇಲೆ ಎಂದು ಮೂರು ಎತ್ತರಗಳಲ್ಲಿ ಚುಕ್ಕೆಯಿಡುವ ಕ್ರಮ ತಂದ. ಎಷ್ಟು ಹೊತ್ತು ನಿಲ್ಲಬೇಕೆಂದು ತಿಳಿಸುವ ಗುರುತುಗಳು ಅವು. ಆದರೆ ಎಲ್ಲಿ ನಿಲ್ಲುತ್ತೇವೆ ಎಂಬುದರ ಮೇಲೆ ಅರ್ಥವೂ ನಿಂತಿರುತ್ತದೆ.

ಲೂಕನ ಸುವಾರ್ತೆಯಲ್ಲಿ, ಶಿಲುಬೆಯ ಮೇಲಿರುವ ಯೇಸು ಪಕ್ಕದ ಶಿಲುಬೆಯಲ್ಲಿದ್ದ ಅಪರಾಧಿಗೆ ನೀನು ನನ್ನ ಸಂಗಡ ಪರದೈಸಿನಲ್ಲಿರುವೆ ಎಂದು ಭರವಸೆ ಕೊಡುವ ಪ್ರಸಂಗವಿದೆ. ಆ ಮಾತಿನಲ್ಲಿ ‘ಈ ದಿನ’ ಎಂಬುದು ‘ಹೇಳುತ್ತೇನೆ’ ಎಂಬುದಕ್ಕೆ ಸೇರಬೇಕೋ ‘ಇರುವೆ’ ಎಂಬುದಕ್ಕೋ? ಕಾಮಾ ಮೊದಲೇ ಬಿದ್ದರೆ ಆತ್ಮ ಅಂದೇ ಪರದೈಸಿಗೆ ಹೋಯಿತು. ಒಂದು ಪದ ದಾಟಿ ಬಿದ್ದರೆ ಯಾವಾಗ ಎಂಬುದು ತೆರೆದೇ ಉಳಿಯಿತು. ಪ್ರಾಚೀನ ಹಸ್ತಪ್ರತಿಗಳಲ್ಲಿ ಇಂಥ ಕಾಮಾ ಇಲ್ಲ. ಹೆಚ್ಚಿನ ಅನುವಾದಗಳು ಮೊದಲ ದಾರಿ ಹಿಡಿದರೆ, ಸತ್ತವರು ಪುನರುತ್ಥಾನದವರೆಗೆ ನಿದ್ರೆಯಲ್ಲಿರುತ್ತಾರೆಂದು ನಂಬುವ ಯೆಹೋವನ ಸಾಕ್ಷಿಗಳು ತಮ್ಮ ಅನುವಾದದಲ್ಲಿ ಎರಡನೆಯದನ್ನು ಹಿಡಿದಿದ್ದಾರೆ.

ಕುರಾನಿನ ಮೂರನೆಯ ಅಧ್ಯಾಯದ ಏಳನೆಯ ವಚನ ಇನ್ನೂ ಸೋಜಿಗದ್ದು. ಗ್ರಂಥದ ಕೆಲವು ವಚನಗಳು ಸ್ಪಷ್ಟ, ಕೆಲವು ಸಂದಿಗ್ಧ ಎಂದು ಅದೇ ಹೇಳುತ್ತದೆ. ಸಂದಿಗ್ಧವಾದವುಗಳ ಅರ್ಥ ಬಲ್ಲವರು ಯಾರು? ‘ಅಲ್ಲಾಹ್’ ಎಂಬಲ್ಲಿ ನಿಂತರೆ ಅವನೊಬ್ಬನೇ ಬಲ್ಲ. ನಿಲ್ಲದೆ ಮುಂದೆ ಓದಿದರೆ ಅವನೂ ಬಲ್ಲ, ಜ್ಞಾನದಲ್ಲಿ ನೆಲೆನಿಂತವರೂ ಬಲ್ಲರು. ಎರಡು ಬಗೆಯ ಓದಿಗೂ ಹಳೆಯ ವ್ಯಾಖ್ಯಾನಕಾರರ ಬೆಂಬಲವಿದೆ. ಸಂದಿಗ್ಧತೆಯ ಬಗ್ಗೆ ಹೇಳುವ ವಚನವೇ ನಿಲುಗಡೆಯೊಂದರಿಂದ ಸಂದಿಗ್ಧವಾಗಿದೆ.

ನಮ್ಮದು ಬೇರೆಯೇ ಎಂದುಕೊಳ್ಳಬೇಕಾಗಿಲ್ಲ. ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕ ತನ್ನ ಮಗ ಶ್ವೇತಕೇತುವಿಗೆ ಒಂಬತ್ತು ಸಲ ಹೇಳುವ ‘ತತ್ ತ್ವಮ್ ಅಸಿ’ ಎಂಬ ಮಹಾವಾಕ್ಯದಲ್ಲಿ ಶಂಕರರು ಜೀವ ಬ್ರಹ್ಮರ ಅಭೇದವನ್ನು ಕಂಡರು. ಉಡುಪಿಯ ಹತ್ತಿರದ ಪಾಜಕದಲ್ಲಿ ಹುಟ್ಟಿದ ಮಧ್ವರು ಹದಿಮೂರನೆಯ ಶತಮಾನದಲ್ಲಿ ಅದೇ ಮಾತನ್ನು ಬೇರೆ ಕಡೆ ಬಿಡಿಸಿದರು. ಹಿಂದಿನ ‘ಆತ್ಮಾ’ ಎಂಬ ಪದದ ದೀರ್ಘದಲ್ಲಿ ಒಂದು ಅಕಾರ ಸಂಧಿಯಾಗಿ ಅಡಗಿದೆ, ಆದ್ದರಿಂದ ಮುಂದಿನದು ‘ತತ್’ ಅಲ್ಲ, ‘ಅತತ್’ ಎಂದರು. ನೀನೇ ಅದು ಎಂದು ಕೇಳಿಸುತ್ತಿದ್ದದ್ದು ನೀನು ಅದಲ್ಲ ಎಂದಾಯಿತು. ಬಾಯಲ್ಲಿ ಉಚ್ಚರಿಸಿದರೂ ಓಲೆಯ ಮೇಲೆ ಕೊರೆದರೂ ಎರಡು ಪಾಠಗಳಿಗೂ ಒಂದೇ ರೂಪ. ಅದ್ವೈತ ದ್ವೈತಗಳ ನಡುವಿನ ಜಗಳ ಇದೊಂದರ ಮೇಲೆಯೇ ನಿಂತಿಲ್ಲ, ನಿಜ. ಆದರೆ ಅಷ್ಟು ದೊಡ್ಡ ಜಗಳಕ್ಕೆ ಒಂದು ಪದವಿಚ್ಛೇದದಷ್ಟು ಜಾಗ ಸಾಕಾಯಿತು.

ಇವೆಲ್ಲ ಪಂಡಿತರ ಕೂದಲು ಸೀಳುವ ಚರ್ಚೆ ಎನ್ನುವವರು ರೋಜರ್ ಕೇಸ್‌ಮೆಂಟ್‌ನ ಮೊಕದ್ದಮೆಯನ್ನು ನೆನೆಯಬೇಕು. 1351ರ ಇಂಗ್ಲೆಂಡಿನ ರಾಜದ್ರೋಹ ಕಾಯಿದೆ ನಾರ್ಮನ್ ಫ್ರೆಂಚಿನಲ್ಲಿತ್ತು. ಅದರ ವಾಕ್ಯವನ್ನು ಎಲ್ಲಿ ಬಿಡಿಸಿ ಓದಬೇಕೆಂಬ ವಾದದಲ್ಲಿ ಸೋತ ಆ ಐರಿಷ್ ಹೋರಾಟಗಾರನನ್ನು 1916ರ ಆಗಸ್ಟಿನಲ್ಲಿ ಗಲ್ಲಿಗೇರಿಸಿದರು. ಕಾಮಾದ ಮೇಲೆ ನೇಣಿಗೆ ಹೋದವನು ಎಂಬ ಮಾತು ಅವನ ಹೆಸರಿಗೆ ಅಂಟಿಕೊಂಡಿದೆ.

ವಚನಗಳನ್ನು ನಾವು ಓದುವುದೂ ಸಂಪಾದಕರ ಕೈಯಿಂದಲೇ. ತಾಳೆಗರಿಯಲ್ಲಿ ಸಾಲು ಗರಿಯ ಅಗಲಕ್ಕೆ ತುಂಬಿಕೊಂಡು ಹೋಗುತ್ತದೆ. ಊರೂರು ತಿರುಗಿ ಆ ಕಟ್ಟುಗಳನ್ನು ಕಲೆಹಾಕಿ ಫ.ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರ ಸಾರ ಹೊರತಂದರು. ಇಂದಿನ ಪುಸ್ತಕಗಳಲ್ಲಿ ವಚನ ಕವಿತೆಯ ಹಾಗೆ ಸಾಲು ಮುರಿದು ನಿಲ್ಲುವುದು, ನಡುವೆ ಉದ್ಗಾರ ಚಿಹ್ನೆ, ಕೊನೆಗೆ ಪ್ರಶ್ನಾರ್ಥಕ, ಇವೆಲ್ಲ ಅಚ್ಚಿನ ಕಾಲದವರ ತೀರ್ಮಾನ. ಅವರು ಮೋಸ ಮಾಡಿದರೆಂದಲ್ಲ, ಚಿಹ್ನೆ ಹಾಕದಿದ್ದರೆ ನನ್ನಂಥವನಿಗೆ ಓದಲಿಕ್ಕೇ ಆಗುತ್ತಿರಲಿಲ್ಲ. ಆದರೆ ಬಸವಣ್ಣನವರು ಪ್ರಶ್ನೆ ಕೇಳಿದರೋ ಬೇಸರದಿಂದ ಹೇಳಿದರೋ ಎಂಬುದನ್ನು ಎಷ್ಟೋ ಕಡೆ ನಾವು ಯಾರೋ ಇಟ್ಟ ಒಂದು ಗುರುತಿನಿಂದ ತಿಳಿದುಕೊಂಡಿದ್ದೇವೆ.

ಕನ್ನಡದಲ್ಲಿ ಬರೆದರೆ ದೇವರ ವಿಷಯದಲ್ಲಿ ಸುಮ್ಮನಿರಬಹುದು ಎಂಬ ನನ್ನ ಎಣಿಕೆ ನಿಂತದ್ದು ಇಂಗ್ಲಿಷ್ ನಿಯಮಗಳನ್ನು ಕಲಿಯುವವರೆಗೆ ಮಾತ್ರ. ಆಮೇಲೆ ಕನ್ನಡದ ಪ್ರೂಫನ್ನೂ ಬೇರೆ ಕಣ್ಣಿನಿಂದ ನೋಡತೊಡಗಿದೆ. ನಮ್ಮಲ್ಲಿ ದೊಡ್ಡಕ್ಷರ ಇಲ್ಲ, ಕ್ರಿಯಾಪದವಿದೆ. ದೇವರು ಇದ್ದಾನೆ, ಇದ್ದಾಳೆ, ಇದ್ದಾರೆ, ಇದೆ, ಈ ನಾಲ್ಕರಲ್ಲಿ ಒಂದನ್ನು ಆರಿಸದೆ ವಾಕ್ಯ ಮುಗಿಯುವುದಿಲ್ಲ. ಗಂಡೋ ಹೆಣ್ಣೋ, ಸಲಿಗೆಯೋ ದೂರದ ಗೌರವವೋ, ವ್ಯಕ್ತಿಯೋ ತತ್ತ್ವವೋ ಎಲ್ಲವನ್ನೂ ಹೇಳಿಯೇ ಪೂರ್ಣವಿರಾಮ ಇಡಬೇಕು. ಇಂಗ್ಲಿಷ್ ವಾಕ್ಯದ ಆರಂಭದಲ್ಲಿ ಕೇಳುವ ಪ್ರಶ್ನೆಯನ್ನು ಕನ್ನಡ ಕೊನೆಯಲ್ಲಿ ಕೇಳುತ್ತದೆ. ಸ್ವಾಮಿಗಳು ‘ದಯಮಾಡಿಸಿದರು’, ದ್ಯಾಮವ್ವ ‘ಬಂದಳು’. ಏಕವಚನ ಬಿದ್ದದ್ದು ದೇವರಿಗೆ. ಅದು ಅವಮಾನವೆಂದು ಯಾರಿಗೂ ಅನಿಸುವುದಿಲ್ಲ, ತಾಯಿಯನ್ನು ಬಹುವಚನದಲ್ಲಿ ಕರೆಯುವ ರೂಢಿ ನಮ್ಮ ಕಡೆ ಇಲ್ಲ. ಇಷ್ಟು ವರ್ಷ ಈ ವಾಕ್ಯಗಳನ್ನು ಓದಿ, ತಿದ್ದಿ, ಅಚ್ಚಿಗೆ ಕಳಿಸಿದರೂ ಅವುಗಳಲ್ಲೊಂದು ನಂಬಿಕೆ ಇದೆ ಎಂದು ನನಗೆ ಹೊಳೆದಿರಲಿಲ್ಲ. ಪರಭಾಷೆಯ ನಿಯಮವನ್ನು ಕಷ್ಟಪಟ್ಟು ಕಲಿತಾಗಲೇ ಸ್ವಂತ ಭಾಷೆ ನಮ್ಮನ್ನು ಕೇಳದೆಯೇ ನಮ್ಮಿಂದ ಏನೇನು ಒಪ್ಪಿಸಿಕೊಂಡಿದೆ ಎಂಬುದು ತಿಳಿಯುವುದು.

ಹಾಗೆಂದು ಚಿಹ್ನೆಗಳನ್ನೇ ಬಿಟ್ಟುಬಿಡಲಾಗದು. ಎಲ್ಲೂ ನಿಲ್ಲದೆ ಓದಿದರೆ ಉಸಿರೂ ಉಳಿಯುವುದಿಲ್ಲ, ಅರ್ಥವೂ ಉಳಿಯುವುದಿಲ್ಲ. ನನ್ನ ಕಸುಬಿನಲ್ಲಿ ಇದಕ್ಕೊಂದು ನಡಾವಳಿ ಇದೆ. ಕಾಗುಣಿತ ತಪ್ಪಿದ್ದರೆ ನಾನೇ ತಿದ್ದುತ್ತೇನೆ. ಗುರುತು ಬದಲಾದರೆ ಅಭಿಪ್ರಾಯವೇ ಬದಲಾಗುವಂತಿದ್ದರೆ ಅಂಚಿನಲ್ಲಿ ಪ್ರಶ್ನೆ ಬರೆದು ಲೇಖಕರಿಗೆ ವಾಪಸು ಕಳಿಸುತ್ತೇನೆ. ಧರ್ಮಗ್ರಂಥಗಳ ತೊಡಕೆಂದರೆ, ಉದ್ದಾಲಕನಿಗೆ ಪ್ರೂಫ್ ಕಳಿಸಿ ಕೇಳುವ ಹಾಗಿಲ್ಲ. ಲೂಕನಿಂದಲೂ ಉತ್ತರ ಬರುವುದಿಲ್ಲ. ಹೀಗಿರುವಾಗ ಎಲ್ಲಿ ನಿಲ್ಲಬೇಕೆಂದು ನಾವೇ ತೀರ್ಮಾನಿಸಬೇಕು, ತೀರ್ಮಾನಿಸಿದವರು ನಾವೆಂದು ಒಪ್ಪಿಕೊಳ್ಳಬೇಕು. “ಗ್ರಂಥದಾಗ ಸ್ಪಷ್ಟ ಹಿಂಗ ಐತಿ” ಎಂದು ಯಾರಾದರೂ ಮೇಜು ಕುಟ್ಟಿ ಹೇಳಿದರೆ, ಆ ಸಾಲಿನ ಕಾಮಾ ಯಾರದು ಎಂದು ಕೇಳುವುದು ಅಧಿಕಪ್ರಸಂಗವಲ್ಲ, ಪ್ರೂಫ್ ನೋಡುವವನ ಸಾಮಾನ್ಯ ಕರ್ತವ್ಯ.