ಶಿಶುವಿನ ಉಸಿರು ಮತ್ತು ಶ್ರಾವಕನ ಅಹಿಂಸಾವ್ರತ

॥ ಶ್ರೀ ವೀತರಾಗಾಯ ನಮಃ ॥



ಜಿನಧರ್ಮದ ಮೂಲವು ಅಹಿಂಸೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಶ್ರಾವಕರು ಮನೆಯಲ್ಲಿ ಕನ್ನಡವನ್ನಾಡಲಿ, ಮರಾಠಿಯನ್ನಾಡಲಿ, ಪೇಟೆಯಲ್ಲಿ ಹಿಂದಿ-ಗುಜರಾತಿಗಳನ್ನಾಡಲಿ, ಬಸದಿಯ ಹೊಸ್ತಿಲು ದಾಟಿದೊಡನೆ ಎಲ್ಲರ ನಾಲಿಗೆಯ ಮೇಲೆ ಒಂದೇ ಣಮೋಕಾರ ಮಂತ್ರ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು, ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವುದು, ಗಡ್ಡೆಗೆಣಸುಗಳನ್ನು ತ್ಯಜಿಸುವುದು, ಇವೆಲ್ಲವೂ ಕಣ್ಣಿಗೆ ಕಾಣದ ಸೂಕ್ಷ್ಮಜೀವಕ್ಕೂ ನೋವಾಗಬಾರದೆಂಬ ಕರುಣೆಯಿಂದ ಹುಟ್ಟಿದ ಆಚಾರಗಳು. ಇಂತಹ ಕರುಣೆಯ ಮನೆಯಲ್ಲಿಯೇ, ಕಣ್ಣೆದುರಿಗೆ ತೊಟ್ಟಿಲಲ್ಲಿ ಮಲಗಿದ ಎಳೆಯ ಜೀವಕ್ಕೆ ದಿನನಿತ್ಯ ಬಾಧೆಯಾಗುತ್ತಿದ್ದರೆ ಅದನ್ನು ಉತ್ಸವದ ಈ ಪುಣ್ಯಸಮಯದಲ್ಲಿ ವಿಚಾರಿಸುವುದು ಯುಕ್ತವಾಗಿದೆ. ಆ ಬಾಧೆಯೇ ಮನೆಯೊಳಗೆ ಸೇದುವ ಬೀಡಿ, ಸಿಗರೇಟುಗಳ ಹೊಗೆ.

ಉಸಿರೂ ಒಂದು ಪ್ರಾಣ

ಸಂಸಾರಿ ಜೀವಕ್ಕೆ ಆಗಮವು ಹತ್ತು ಪ್ರಾಣಗಳನ್ನು ಹೇಳುತ್ತದೆ. ಇಂದ್ರಿಯಗಳು ಐದು, ಮನೋಬಲ, ವಚನಬಲ, ಕಾಯಬಲಗಳೆಂಬ ಬಲಗಳು ಮೂರು, ಒಂಬತ್ತನೆಯದು ಆಯುಸ್ಸು, ಹತ್ತನೆಯದು ಶ್ವಾಸೋಚ್ಛ್ವಾಸ. ಇವುಗಳಲ್ಲಿ ಯಾವ ಒಂದಕ್ಕೆ ಪೆಟ್ಟಾದರೂ ಅದು ಪ್ರಾಣಘಾತವೇ. ಕತ್ತಿಯಿಂದ ಕಾಯಕ್ಕೆ ಗಾಯಮಾಡುವುದು ಹೇಗೆ ಹಿಂಸೆಯೋ, ಹೊಗೆಯಿಂದ ಉಸಿರನ್ನು ಕೆಡಿಸುವುದೂ ಹಾಗೆಯೇ ಹಿಂಸೆ.

"ಮಗುವಿಗೆ ಕೇಡಾಗಲಿ ಎಂದು ಯಾರಾದರೂ ಸೇದುತ್ತಾರೆಯೇ?" ಎಂದು ಕೆಲವರು ಕೇಳಬಹುದು. ಯಾರೂ ಸೇದುವುದಿಲ್ಲ, ನಿಜ. ಆದರೆ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಟ್ಟಿದ್ದಾರೆ. ಎಚ್ಚರವಿಲ್ಲದ ನಡೆಯಿಂದಾದ ಪ್ರಾಣಘಾತವು ಹಿಂಸೆ ಎಂಬುದು ಅವರ ಅಭಿಪ್ರಾಯ. ನೆಲವನ್ನು ನೋಡಿ ಹೆಜ್ಜೆಯಿಡುವ ಮುನಿಗಳ ಕಾಲಡಿಗೆ ಅರಿಯದೆ ಕ್ರಿಮಿಯೊಂದು ಸಿಲುಕಿದರೂ ಅವರಿಗೆ ಹಿಂಸೆಯ ದೋಷ ತಟ್ಟದು. ಏಕೆಂದರೆ ಅಲ್ಲಿ ಪ್ರಮಾದವಿಲ್ಲ. ತೊಟ್ಟಿಲಿರುವ ಕೋಣೆಯಲ್ಲಿ ಬೆಂಕಿಕಡ್ಡಿ ಗೀರುವವನಿಗೆ ಆ ವಿನಾಯಿತಿ ಎಲ್ಲಿಯದು?

ಎಳೆಯ ಶ್ವಾಸಕೋಶದ ಸ್ಥಿತಿ

ಬೆಳೆದವರು ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡಿದರೆ, ಹಸುಗೂಸು 30ರಿಂದ 60 ಬಾರಿ ಉಸಿರಾಡುತ್ತದೆ. ಆದುದರಿಂದ ಕೋಣೆಯಲ್ಲಿರುವ ವಿಷವು ದೇಹದ ತೂಕಕ್ಕೆ ಹೋಲಿಸಿದರೆ ಮಗುವಿನ ಒಳಗೇ ಹೆಚ್ಚು ಸೇರುತ್ತದೆ. ತಂಬಾಕಿನ ಹೊಗೆಯಲ್ಲಿ 7000ಕ್ಕೂ ಹೆಚ್ಚು ರಾಸಾಯನಿಕ ದ್ರವ್ಯಗಳಿವೆ. ಅವುಗಳಲ್ಲಿ ಸುಮಾರು 70 ದ್ರವ್ಯಗಳು ಕ್ಯಾನ್ಸರ್ ತರುವಂತಹವು. ಹಿರಿಯರಿಗೆ ಹೊಗೆ ಬೇಡವಾದರೆ ಎದ್ದು ಹೋಗಬಲ್ಲರು. ಶಿಶುವು ಎದ್ದು ಹೋಗಲಾರದು, ಬೇಡವೆಂದು ಬಾಯಿಬಿಟ್ಟು ಹೇಳಲಾರದು.

ಇಂತಹ ಹೊಗೆಯಲ್ಲಿ ಬೆಳೆಯುವ ಮಕ್ಕಳಿಗೆ ನ್ಯುಮೋನಿಯಾ, ಶ್ವಾಸನಾಳದ ಉರಿಯೂತ, ಕಿವಿಯ ಸೋಂಕು, ಉಬ್ಬಸಗಳು ಹೆಚ್ಚು. ಶ್ವಾಸಕೋಶದ ಬೆಳವಣಿಗೆಯೂ ಕುಂಠಿತವಾಗುತ್ತದೆ. ನಿದ್ರೆಯಲ್ಲಿಯೇ ಹಠಾತ್ತನೆ ಹಸುಗೂಸು ತೀರಿಹೋಗುವ ಅಪಾಯವೂ ಹೊಗೆಯಿರುವ ಮನೆಯಲ್ಲಿ ಅಧಿಕ. ಗರ್ಭಿಣಿಯು ಈ ಹೊಗೆಯನ್ನು ಉಸಿರಾಡಿದರೆ ಮಗು ಕಡಿಮೆ ತೂಕದೊಡನೆ ಹುಟ್ಟುವ ಸಂಭವವುಂಟು. ಇಷ್ಟು ಹೊಗೆಯಾದರೆ ಬಾಧಕವಿಲ್ಲವೆಂಬ ಪ್ರಮಾಣವೇ ಇಲ್ಲವೆಂದು ಅಮೆರಿಕದ ಸರ್ಜನ್ ಜನರಲ್ ಅವರ 2006ರ ವರದಿಯು ಸ್ಪಷ್ಟಪಡಿಸಿದೆ.

ಕಿಟಕಿ ತೆರೆದರೆ, ಪಂಖ ಹಾಕಿದರೆ ಸಾಕೆಂಬುದು ಭ್ರಮೆ. ಹೊಗೆಯ ಕಣಗಳು ಗಂಟೆಗಟ್ಟಲೆ ಗಾಳಿಯಲ್ಲಿರುತ್ತವೆ. ಬಳಿಕ ಗೋಡೆ, ಚಾದರ, ಸೇದಿದವರ ಅಂಗಿಗಳ ಮೇಲೆ ಅಂಟಿ ಕೂರುತ್ತವೆ. ಅಂಬೆಗಾಲಿಡುವ ಮಗು ಅದೇ ನೆಲವನ್ನು ಮುಟ್ಟಿದ ಕೈಯನ್ನು ಬಾಯಿಗಿಡುತ್ತದೆ. ಈ ಸೀಮೆಯ ಕೆಲವು ಮನೆಗಳಲ್ಲಿ ಹಲ್ಲುಜ್ಜುವ ಮಿಶ್ರಿಗಾಗಿ ತಂಬಾಕನ್ನು ತವೆಯ ಮೇಲೆ ಕಪ್ಪಾಗುವವರೆಗೆ ಹುರಿಯುವ ರೂಢಿಯುಂಟು. ಆ ಹೊಗೆಯೂ ತಂಬಾಕಿನ ಹೊಗೆಯೇ. ಅಡುಗೆಮನೆಯಲ್ಲಿ ತಾಯಿಯ ಕಂಕುಳಲ್ಲಿರುವ ಕೂಸಿಗೆ ಅದು ನೇರವಾಗಿ ತಾಗುತ್ತದೆ.

ಸಪ್ತವ್ಯಸನದಲ್ಲಿಲ್ಲವೆಂಬ ಮಾತು

ತಂಬಾಕು ಸಪ್ತವ್ಯಸನಗಳ ಪಟ್ಟಿಯಲ್ಲಿಲ್ಲ, ಆದುದರಿಂದ ದೋಷವಿಲ್ಲವೆಂದು ವಾದಿಸುವವರೂ ಇದ್ದಾರೆ. ಪೂರ್ವಾಚಾರ್ಯರ ಕಾಲದಲ್ಲಿ ಈ ದೇಶದಲ್ಲಿ ತಂಬಾಕೇ ಇರಲಿಲ್ಲ. ಪೋರ್ಚುಗೀಸರ ಮೂಲಕ ಅದು ಸಮುದ್ರದಾಚೆಯಿಂದ ಬಂದಿತು. ಅಕ್ಬರನ ರಾಯಭಾರಿಯಾಗಿ ವಿಜಾಪುರಕ್ಕೆ ಬಂದ ಅಸದ್ ಬೇಗನು ತಂಬಾಕನ್ನು ಮೊದಲು ಕಂಡದ್ದು ಅಲ್ಲಿಯೇ. 1604ರ ಸುಮಾರಿಗೆ ಅದನ್ನು ಮೊಗಲರ ಆಸ್ಥಾನಕ್ಕೆ ಒಯ್ದವನೂ ಅವನೇ. ನಾಲ್ಕು ಶತಮಾನಗಳಿಂದೀಚೆಗೆ ಹಬ್ಬಿದ ವಸ್ತುವಿನ ಹೆಸರನ್ನು ಪ್ರಾಚೀನ ಶಾಸ್ತ್ರಗಳಲ್ಲಿ ಹುಡುಕುವುದು ವ್ಯರ್ಥ. ಅದರ ಗುಣಕ್ಕೆ ಶಾಸ್ತ್ರದಲ್ಲಿ ಸ್ಥಾನವಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಐದು ಅನರ್ಥದಂಡಗಳನ್ನು ವಿವರಿಸಿದ್ದಾರೆ. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು ಅವುಗಳಲ್ಲೊಂದಾದ ಪ್ರಮಾದಚರ್ಯೆ. ಅಡುಗೆಯ ಒಲೆಗೆ ಪ್ರಯೋಜನವುಂಟು, ಬೀಡಿಯ ಕಿಡಿಗೆ ಏನುಂಟು? ಐದರಲ್ಲಿ ಮತ್ತೊಂದಾದ ಹಿಂಸಾದಾನ, ಅಂದರೆ ಹಿಂಸೆಯ ಸಾಧನವನ್ನು ಅನ್ಯರಿಗೆ ಒದಗಿಸುವುದು, ಅಂಗಡಿಯಲ್ಲಿ ಕುಳಿತ ಶ್ರಾವಕರೂ ವಿಚಾರಿಸಬೇಕಾದ ವಿಷಯ.

ಚಾರಿತ್ರಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರು 1872ರಲ್ಲಿ ಜನ್ಮತಾಳಿದ್ದು ಭೋಜ ಗ್ರಾಮದ ಪರಿಸರದಲ್ಲಿ. ಅದು ತಂಬಾಕಿನ ಬೆಳೆಗೆ ಹೆಸರಾದ ನಿಪ್ಪಾಣಿ ಸೀಮೆ. 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹತ್ಯಾಗ ಮಾಡುವವರೆಗೂ ಅವರ ಬಾಳೆಲ್ಲವೂ ತ್ಯಾಗವೇ ಆಗಿತ್ತು. ಒಂದೇ ಮಣ್ಣಿನಲ್ಲಿ ಭೋಗದ ಬೆಳೆಯೂ ಬೆಳೆಯುತ್ತದೆ, ತ್ಯಾಗದ ಬೆಳೆಯೂ ಬೆಳೆಯುತ್ತದೆ. ಆರಿಸಿಕೊಳ್ಳುವವನು ಮನುಷ್ಯನೇ.

ಮನೆಯೊಳಗಿನ ಮೌನ

ಸರ್ಕಾರವು 2003ರಲ್ಲಿ ತಂಬಾಕು ನಿಯಂತ್ರಣದ ಕಾಯಿದೆಯನ್ನು ಮಾಡಿತು. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳ ಧೂಮಪಾನ ನಿಷೇಧದ ನಿಯಮಗಳು ಬಿಗಿಯಾದವು. ಆದರೆ ಈ ಕಾಯಿದೆಯು ಮನೆಯ ಬಾಗಿಲ ಹೊರಗೇ ನಿಲ್ಲುತ್ತದೆ. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ನೂರಕ್ಕೆ 38.7 ಮಂದಿಗೆ ತಮ್ಮ ಮನೆಯೊಳಗೇ ಅನ್ಯರ ಹೊಗೆ ತಾಗುತ್ತಿತ್ತು. ಅದೇ ಮನೆಗಳಲ್ಲಿರುವ ಮಕ್ಕಳಿಗೂ ತಾಗದಿದ್ದೀತೇ?

ಮನೆಯಲ್ಲಿ ಹೇಳುವವರಾರು? ಬಾಣಂತಿ ಸೊಸೆಯು ಮಾವನವರೆದುರು ಬಾಯಿ ತೆರೆಯಲಾರಳು. ಹೊಗೆ ಬಂದಾಗ ಸೆರಗನ್ನು ಕೂಸಿನ ಮುಖಕ್ಕೆ ಮುಚ್ಚಿ ಒಳಕೋಣೆಗೆ ಸರಿಯುತ್ತಾಳೆ. ಮನೆಗೆ ಬಂದ ಬೀಗರಿಗೆ ಹೊರಗೆ ಹೋಗಿ ಸೇದಿರೆಂದು ಹೇಳಲು ಯಜಮಾನನಿಗೂ ಸಂಕೋಚ. ಈ ಸಂಕೋಚದ ಬೆಲೆಯನ್ನು ತೆರುವುದು ಮಾತು ಬಾರದ ಕೂಸು. ಹಿರಿಯರು ತಾವಾಗಿಯೇ ಮೊದಲು ನಿಯಮವನ್ನು ತೆಗೆದುಕೊಂಡರೆ ಸೊಸೆಯು ಬಾಯಿ ತೆರೆಯುವ ಪ್ರಸಂಗವೇ ಬಾರದು. ಆಗ ಅವರ ಹಿರಿತನಕ್ಕೆ ಶೋಭೆ ಹೆಚ್ಚುವುದು.

ಸೂತಕ ಕಳೆದ ಮೇಲೆ ಶಿಶುವನ್ನು ಬಸದಿಗೆ ತಂದು ಕಿವಿಯಲ್ಲಿ ಣಮೋಕಾರ ಮಂತ್ರವನ್ನು ಉಚ್ಚರಿಸುತ್ತಾರೆ. ಎಂಟು ವರ್ಷ ತುಂಬುವವರೆಗೆ ಅದರ ಮೂಲಗುಣಗಳ ಪಾಲನೆಯ ಹೊಣೆ ತಂದೆತಾಯಿಗಳದು. ಮಗುವಿನ ಆಹಾರವನ್ನು ಶುದ್ಧವಾಗಿಡುವ ಹೊಣೆ ಹೊತ್ತವರು ಅದರ ಉಸಿರನ್ನು ಶುದ್ಧವಾಗಿಡುವ ಹೊಣೆಯಿಂದ ಜಾರಿಕೊಳ್ಳಲಾಗದು.

ನಿಯಮ ಮತ್ತು ಯಮ

ತ್ಯಾಗದಲ್ಲಿ ಎರಡು ಬಗೆಯುಂಟು: ಕಾಲದ ಮಿತಿಯುಳ್ಳದ್ದು ನಿಯಮ, ಬಾಳಿನ ಕೊನೆಯವರೆಗಿನದು ಯಮ. ಹಳೆಯ ಚಟವನ್ನು ಒಮ್ಮೆಲೇ ಬಿಡಲಾಗದವರು ನಿಯಮದಿಂದಲೇ ಆರಂಭಿಸಬಹುದು. ಮನೆಯ ಮಾಡಿನ ಕೆಳಗೆ, ವಾಹನದ ಒಳಗೆ ಎಂದಿಗೂ ಸೇದೆನೆಂಬುದು ಮೊದಲನೆಯದು. ಹೊರಗೆ ಸೇದಿದ್ದರೆ ಕೈಬಾಯಿ ತೊಳೆದು, ಅಂಗಿ ಬದಲಿಸದೆ ಕೂಸನ್ನು ಎತ್ತಿಕೊಳ್ಳೆನೆಂಬುದು ಎರಡನೆಯದು. ಬೀಡಿ ತರಲು ಮಕ್ಕಳನ್ನು ಅಂಗಡಿಗೆ ಕಳುಹಿಸೆನು, ಅತಿಥಿಗೂ ಮನೆಯೊಳಗೆ ಸೇದಗೊಡೆನೆಂಬುದು ಮೂರನೆಯದು. ಇವುಗಳಿಂದ ಮಗುವಿನ ಬಾಧೆ ತಗ್ಗುವುದೇ ಹೊರತು ಪೂರ್ತಿ ನಿಲ್ಲದು. ಪೂರ್ಣ ರಕ್ಷಣೆಯಿರುವುದು ಯಮದಲ್ಲಿಯೇ. ಬಿಡಲು ನೆರವು ಬೇಕಾದವರಿಗೆ 1800-11-2356 ಎಂಬ ರಾಷ್ಟ್ರೀಯ ಉಚಿತ ದೂರವಾಣಿಯುಂಟು; ಅಲ್ಲಿ ಸಲಹೆ ಕೇಳುವುದು ನಾಚಿಕೆಯ ವಿಷಯವಲ್ಲ.

ದಶಲಕ್ಷಣ ಧರ್ಮದಲ್ಲಿ ಉತ್ತಮ ಸಂಯಮಕ್ಕೆ ಇಂದ್ರಿಯಸಂಯಮ, ಪ್ರಾಣಿಸಂಯಮಗಳೆಂದು ಎರಡು ಮುಖಗಳು. ಬೀಡಿಯನ್ನು ಕೆಳಗಿಟ್ಟ ಕೈಗೆ ಎರಡೂ ಒಮ್ಮೆಲೇ ಲಭಿಸುತ್ತವೆ. ಈ ವರ್ಷದ ಉತ್ಸವದಲ್ಲಿ ಅಭಿಷೇಕ, ಪೂಜೆ, ದಾನಗಳನ್ನು ನೆರವೇರಿಸುವ ಪ್ರತಿಯೊಬ್ಬ ಶ್ರಾವಕನೂ ಭಗವಂತನ ಸನ್ನಿಧಿಯಲ್ಲಿ ಈ ಅಭಯದಾನವನ್ನೂ ತನ್ನ ಮನೆಯ ಕೂಸಿಗೆ ನೀಡಲಿ. ಎಲ್ಲ ಮನೆಗಳ ತೊಟ್ಟಿಲುಗಳಲ್ಲಿ ಮಕ್ಕಳು ನಿರ್ಬಾಧವಾಗಿ ಉಸಿರಾಡಲಿ.

॥ ಜೈ ಜಿನೇಂದ್ರ ॥